ಚಪ್ಪಾಳೆ ಬಿದ್ದ ಭಾನುವಾರ

ಬೆಟ್ಟದೂರು ಸಾಂತಾ ಇರೇನೆಯಲ್ಲಿ ಮದುವೆಯಾದರೂ ಸಾವಾದರೂ ಎದ್ದು ನಿಂತು ನಾಲ್ಕು ಮಾತಾಡುವವನು ಅನ್ಸೆಲ್ಮೊ ಕಿಹಾದ. ಕಸುಬಿನಿಂದ ಅವನು ಕುದುರೆಗಳಿಗೆ ಲಾಳ ಕಟ್ಟುವವನು. ಆದರೆ ಊರು ಅವನನ್ನು ನೆನೆಯುತ್ತಿದ್ದದ್ದು ಅವನ ಗಂಟಲಿಗಾಗಿ. ಜುಲೈ ತಿಂಗಳ ರೋಡಿಯೊದಲ್ಲಿ ಗೂಳಿ ಸವಾರರ ಹೆಸರು ಕೂಗುವವನು ಅವನೇ, ಅಗ್ನಿಶಾಮಕ ದಳಕ್ಕೆ ದುಡ್ಡೆತ್ತಲು ಹಂದಿಮರಿ ಹರಾಜು ಹಾಕುವವನೂ ಅವನೇ. ಕಿಹಾದ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ದವಡೆ. ಹೆಸರಿಟ್ಟವರು ನೋಡಿಯೇ ಇಟ್ಟಿದ್ದಾರೆ ಎಂದು ಅವನ ಹೆಂಡತಿ ಬ್ರಿಹಿದಾ ಬಂದವರಿಗೆಲ್ಲ ಹೇಳುತ್ತಿದ್ದಳು.

ಅವನ ಅಂಗಳದಲ್ಲಿ ದೊಡ್ಡದೊಂದು ಓಕ್ ಮರವಿತ್ತು. ಮೂರು ಜನ ಕೈಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪ. ಅದರ ನೆರಳಲ್ಲೇ ಕಬ್ಬಿಣ ಬಡಿಯುವ ಅಡಿಗಲ್ಲು, ಕುಲುಮೆ. ಅದರ ಬುಡಕ್ಕೇ ಕುದುರೆ ಕಟ್ಟುವ ಬಳೆ. ಅವನ ಅಪ್ಪನೂ ಅಲ್ಲೇ ಲಾಳ ಬಡಿದವನು. ಬೇಲಿಯಾಚೆ ವಿನಿಫ್ರೆಡ್ ಕುವೇರೊಳ ಜಾಗ. ಊರಿಗೆಲ್ಲ ಅವಳು ವಿನ್ನಿ. ಅವಳು ಕುಮೆಯಾಯ್ ಜನದವಳು, ಆ ಬೆಟ್ಟಗಳಲ್ಲಿ ಎಲ್ಲರಿಗಿಂತ ಮೊದಲಿಂದ ಇದ್ದವರ ಪೈಕಿ. ಅವಳ ಜಾಗದ ಇಳಿಜಾರಿನಲ್ಲಿ ಕಪ್ಪು ಓಕ್‌ಗಳ ಒಂದು ತೋಪು. ಪ್ರತಿ ವರ್ಷ ಚಳಿ ಹಿಡಿಯುವ ಹೊತ್ತಿಗೆ ಅದರ ಕಾಯಿ ಆರಿಸಿ, ಒಣಗಿಸಿ, ಕುಟ್ಟಿ, ನೀರಲ್ಲಿ ಕಹಿ ತೆಗೆದು ಶಾವಿ ಎಂಬ ಗಂಜಿ ಕಾಯಿಸುತ್ತಿದ್ದಳು. ಅವರ ಜನದಲ್ಲಿ ಯಾರು ತೀರಿಕೊಂಡರೂ ಊಟದ ಮೇಜಿನ ಮೇಲೆ ವಿನ್ನಿಯ ಶಾವಿ ಇರಲೇಬೇಕು. ಅನ್ಸೆಲ್ಮೊನ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ವಿನ್ನಿ. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ. ಅಣ್ಣತಂಗಿಯರಿಗಿಂತ ಒಂದು ಕೈ ಹೆಚ್ಚಿನ ಸಂಬಂಧ ಅದು.

ಜನವರಿಯ ಒಂದು ಬೆಳಿಗ್ಗೆ ಅರಣ್ಯ ಇಲಾಖೆಯ ಜೋಯ್ಸ್ ತಕೆದಾ ಎಂಬ ಹೆಂಗಸು ಅವನ ಅಂಗಳಕ್ಕೆ ಬಂದಳು. ಸಣ್ಣ ಆಳು, ದನಿ ಇನ್ನೂ ಸಣ್ಣದು. ಮರವನ್ನು ಸುತ್ತಿ ನೋಡಿದಳು, ತಲೆಯೆತ್ತಿ ನೆತ್ತಿಯ ಕೊಂಬೆಗಳು ಬೋಳಾದದ್ದನ್ನು ನೋಡಿದಳು, ಮರಕುಟಿಗ ತೊಗಟೆ ಕಿತ್ತು ಕೆಂಪಾದ ಕಡೆ ಬೆರಳಾಡಿಸಿದಳು.

“ಕಿಹಾದ ಅವ್ರೇ, ಇದು ಮೇ ತಿಂಗಳೊಳಗೆ ಹೋಗ್ಬೇಕು,” ಅಂದಳು.

“ಎಲ್ಲಿಗ್ ಹೋಗ್ಬೇಕು? ಇದು ಇಲ್ಲೇ ಹುಟ್ಟಿದ್ದು.”

ಅವಳು ನಗಲಿಲ್ಲ. ತೊಗಟೆಯ ಮೇಲಿನ ತೂತುಗಳನ್ನು ತೋರಿಸಿದಳು. ಕಾಳಿಗಿಂತ ಚಿಕ್ಕವು, ಒಂದು ಬದಿ ನೇರ, ಇನ್ನೊಂದು ಬದಿ ದುಂಡು, ಅರ್ಧಚಂದ್ರನ ಹಾಗೆ. “ಒಳಗೆ ಕೊರಕ ಹುಳ ಇದೆ. ಯಾರೋ ಅರಿಜೋನಾ ಕಡೆಯಿಂದ ಸೌದೆ ತಂದಾಗ ಜೊತೆಗೆ ಬಂದಿದ್ದು. ತೊಗಟೆ ಕೆಳಗೆ ಮರದ ಜೀವ ಹರಿಯೋ ಜಾಗಾನೇ ತಿನ್ನತ್ತೆ. ಬೇಸಿಗೆ ಶುರುವಾಗ್ತಿದ್ದಂಗೆ ರೆಕ್ಕೆ ಬಂದು ಹಾರತ್ತೆ. ಅಷ್ಟರೊಳಗೆ ಕಡಿದು, ಮರಾನೆಲ್ಲ ಸಣ್ಣ ಚೂರು ಮಾಡಿಬಿಟ್ರೆ ಅಕ್ಕಪಕ್ಕದ್ದನ್ನ ಉಳಿಸ್ಕೋಬಹುದು. ಕೆಲಸ ನಮ್ದೇ, ನಿಮ್ಮ ಒಪ್ಪಿಗೆ ಒಂದ್ ಬೇಕು.”

“ಭಾನುವಾರ ಸಭೆ ಕರೆದಿದೀರಂತಲ್ಲ, ಅಲ್ಲಿ ಹೇಳ್ತೀನಿ,” ಅಂದ ಅನ್ಸೆಲ್ಮೊ. ಅವಳು ಹೋಗುವ ಮೊದಲು ಬುಡದ ಮೇಲೆ ಕಿತ್ತಳೆ ಬಣ್ಣದಲ್ಲಿ ಒಂದು ಗೀಟು ಎಳೆದು ಹೋದಳು. ಅಪ್ಪನ ಮೈಮೇಲೆ ಯಾರೋ ಬಣ್ಣ ಬಳಿದ ಹಾಗೆ ಅವನಿಗೆ ಉರಿಯಿತು.

ಸಭೆ ಅಗ್ನಿಶಾಮಕ ದಳದ ಷೆಡ್ಡಿನಲ್ಲಿ. ಊರೇ ಬಂದಿತ್ತು. ತಕೆದಾ ಹಾಳೆ ಹಿಡಿದುಕೊಂಡು ಓದಿದಳು. ಹಿಂದೆ ಕೂತವರಿಗೆ ಅರ್ಧ ಕೇಳಲಿಲ್ಲ. ಆಮೇಲೆ ಅನ್ಸೆಲ್ಮೊ ಎದ್ದ. ಮೊದಲು ಅವಳದೇ ಸಣ್ಣ ದನಿಯಲ್ಲಿ, ಹಾಳೆ ಹಿಡಿದಂತೆ ಕೈ ಮುಂದೆ ಮಾಡಿ, “ಎಲ್ಲರಿಗೂ ನಮಸ್ಕಾರ, ನಿಮ್ಮ ಮರ ಕಡಿಯೋಕೆ ಬಂದಿದೀನಿ,” ಅಂದ. ಷೆಡ್ಡು ನಕ್ಕಿತು. ನಗು ಒಂದು ಸಲ ಕೈಗೆ ಸಿಕ್ಕಿದ ಮೇಲೆ ಅವನನ್ನು ಹಿಡಿಯುವವರು ಯಾರು?

“ಹುಳದ ಬೆನ್ಮೇಲೆ ಆರು ಚಿನ್ನದ ಚುಕ್ಕಿ ಇದ್ಯಂತೆ ಕಣ್ರಪ್ಪ. ಅಷ್ಟು ಚಿನ್ನ ಹಾಕ್ಕೊಂಡ್ ಬಂದವ್ರನ್ನ ಸಾಂತಾ ಇರೇನೆಯವ್ರು ಕೊಲ್ಲಲ್ಲ, ಮದ್ವೆ ಆಗ್ತೀವಿ!”

ಮತ್ತೆ ನಗು. ಆಮೇಲೆ ದನಿ ಇಳಿಸಿದ. ಎಲ್ಲಿ ಇಳಿಸಬೇಕೆಂದು ಅವನಿಗೆ ಗೊತ್ತಿತ್ತು.

“ನಮ್ಮಜ್ಜನ ಕಾಲದಲ್ಲಿ ಬೆಂಕಿ ಬಂತು, ಆ ಮರ ನಿಂತಿತ್ತು. ನಮ್ಮಪ್ಪನ ಕಾಲದಲ್ಲಿ ಬರ ಬಂತು, ನಿಂತಿತ್ತು. ಈಗ ಸರ್ಕಾರ ಬಂದಿದೆ. ನಿಲ್ಲತ್ತೋ ಇಲ್ವೋ ನೋಡೇಬಿಡೋಣ!”

ಜನ ಎದ್ದು ನಿಂತರು. ಚಪ್ಪಾಳೆ ತಗಡಿನ ಸೂರಿಗೆ ಬಡಿದು ಇಮ್ಮಡಿಯಾಗಿ ಬಂತು. ಆ ಗದ್ದಲ ಏಳುವುದಕ್ಕೆ ಸ್ವಲ್ಪ ಮುಂಚೆ, ಅವನು ದನಿ ಇಳಿಸಿದ ಹೊತ್ತಿನಲ್ಲೇ, ಹಿಂದಿನ ಸಾಲಿನಲ್ಲಿ ಕಾಫಿ ಕೊಳಗದ ಪಕ್ಕ ವಿನ್ನಿ ಕೈ ಎತ್ತಿದ್ದಳು. ನೀಲಿ ಸ್ವೆಟರಿನ ತೋಳು. ಅವನು ಕಂಡ. ಅವಳು ಏನೋ ಕೇಳಬೇಕೆಂದಿದ್ದಾಳೆ, ಅದೂ ತಕೆದಾಳನ್ನು ಕೇಳಬೇಕೆಂದಿದ್ದಾಳೆ ಎಂಬುದೂ ಅವನಿಗೆ ತಿಳಿಯಿತು. ಆದರೆ ಕೊನೆಯ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನಿಲ್ಲಿಸಲಿಲ್ಲ. ಚಪ್ಪಾಳೆ ಇಳಿಯುವಷ್ಟರಲ್ಲಿ ಕೈಯೂ ಇಳಿದಿತ್ತು. ತಕೆದಾ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಅವಳ ಕಿವಿಗಳು ಕೆಂಪಾಗಿದ್ದವು.

ಮನೆಗೆ ಹೋಗುವಾಗ ಗಾಡಿಯಲ್ಲಿ ಬ್ರಿಹಿದಾ ಅಂದಳು: “ಚೆನ್ನಾಗಿ ಮಾತಾಡ್ದೆ. ಆದ್ರೆ ಆ ಹುಡುಗೀನ ಹಂಗೆ ಅಣಕಿಸ್ಬಾರ್ದಿತ್ತು. ಅಳೋ ಹಾಗಾಗಿತ್ತು ಅವಳ ಮುಖ.”

“ಸರ್ಕಾರದವ್ರು ಅಳಲ್ಲ ಬಿಡೇ.”

ಆ ವಾರ ಒಪ್ಪಿಗೆ ಕೊಡಬೇಕೆಂದಿದ್ದ ಎಷ್ಟೋ ಮನೆಯವರು ಹಿಂದೆ ಸರಿದರು. ಕುದುರೆ ಮೇವು ಮಾರುವ ಡ್ವೇನ್ ಪ್ರುಯಿಟ್ ಆ ಭಾಷಣವನ್ನು ಫೋನಿನಲ್ಲಿ ಹಿಡಿದಿದ್ದ. ಅದು ಬೆಟ್ಟದ ಊರುಗಳಲ್ಲೆಲ್ಲ ಓಡಾಡಿತು. ಪೇಟೆಯಲ್ಲಿ ಗೊತ್ತಿಲ್ಲದವರು ಬಂದು ಅನ್ಸೆಲ್ಮೊನ ಬೆನ್ನು ತಟ್ಟಿದರು. ಅವನು ಹೊಸ ಹ್ಯಾಟು ಕೊಂಡ.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಕುದುರೆಯ ಗೊರಸು ತೊಡೆಯ ಮೇಲಿಟ್ಟುಕೊಂಡು ಕೆತ್ತುತ್ತಿದ್ದಾಗ ಅವನ ತೋಳಿನ ಮೇಲೆ ಒಂದು ಹುಳ ಬಂದು ಕೂತಿತು. ಉದ್ದಕ್ಕೆ ಕಪ್ಪಗೆ, ಬೆರಳಿನ ಉಗುರಿನಷ್ಟು. ಬೆನ್ನ ಮೇಲೆ ಹೊಂಬಣ್ಣದ ಚುಕ್ಕಿಗಳು ಬಿಸಿಲಿಗೆ ಮಿಂಚಿದವು. ಎಷ್ಟೆಂದು ಎಣಿಸುವ ಗೋಜಿಗೆ ಹೋಗದೆ ಕೊಡವಿದ. ಹುಳ ಬೇಲಿಯ ಕಡೆ ಹಾರಿತು. ಕುದುರೆಯ ಒಡೆಯ, “ಏನದು?” ಅಂದದ್ದಕ್ಕೆ, “ನೊಣ,” ಅಂದ. ಆ ಸಂಗತಿ ಅವನು ಬ್ರಿಹಿದಾಳಿಗೂ ಹೇಳಲಿಲ್ಲ.

ಮುಂದಿನ ವರ್ಷ ಅವನ ಮರ ಒಂದು ಕಡೆಯಿಂದ ಕಂದಿತು. ಎಲೆ ಉದುರಲೂ ಇಲ್ಲ. ಕೊಂಬೆಯಲ್ಲೇ ಹುರಿದ ಹಾಗೆ ನಿಂತಿತ್ತು. ಮಳೆ ಕಡಿಮೆಯಾಯಿತು ಅಂದ ಅನ್ಸೆಲ್ಮೊ. ಅದರ ಮರುವರ್ಷ ಗಾಳಿಯೇ ಇಲ್ಲದ ದಿನ ದೊಡ್ಡ ಕೊಂಬೆಯೊಂದು ಮುರಿದು ಕುಲುಮೆಯ ಮೇಲೆ ಬಿತ್ತು. ಪುಣ್ಯಕ್ಕೆ ಅಡಿಯಲ್ಲಿ ಕುದುರೆಯೂ ಇರಲಿಲ್ಲ, ಜನವೂ ಇರಲಿಲ್ಲ. ಆಗಲೂ ಊರಿನವರು ಅವನೆದುರು ಏನೂ ಅನ್ನಲಿಲ್ಲ. ಆದರೆ ಅಂಗಡಿಯಲ್ಲಿ ಅವನು ಒಳಗೆ ಕಾಲಿಟ್ಟಾಗ ಮಾತು ಬೇರೆ ಕಡೆ ತಿರುಗುವುದು ಅವನಿಗೆ ಗೊತ್ತಾಗುತ್ತಿತ್ತು. ಮಾತಿನ ಜಾಡು ಹಿಡಿಯುವುದರಲ್ಲಿ ಅವನು ಪಳಗಿದವನಲ್ಲವೇ.

ಆ ಬೇಸಿಗೆಯ ಕೊನೆಯಲ್ಲಿ ವಿನ್ನಿ ಬೇಲಿಯ ಬಳಿ ಬಂದು ಕರೆದಳು.

“ಕೊಂಪಾದ್ರೆ, ಸ್ವಲ್ಪ ಈ ಕಡೆ ಬಾ. ನನ್ನ ಕಣ್ಣು ಮಂಜು. ನೀನು ನೋಡಿ ಹೇಳು.”

ಅವಳ ಹಿಂದೆ ತೋಪಿಗೆ ನಡೆದ. ಅಲ್ಲಿ ಒಂದು ದೊಡ್ಡ ಹಾಸುಬಂಡೆ, ಅದರ ಮೇಲೆ ಒರಳಿನಂಥ ಕುಳಿಗಳು. ಅವಳ ಅಜ್ಜಿ, ಅಜ್ಜಿಯ ಅಜ್ಜಿ ಕಾಯಿ ಕುಟ್ಟಿ ಕುಟ್ಟಿ ಆದವು. ಬಂಡೆಯ ಪಕ್ಕದ ಮೊದಲ ಮರದ ಬುಡದಲ್ಲಿ ವಿನ್ನಿ ನಿಂತಳು.

“ಇಲ್ಲಿ. ಏನದು?”

ಅನ್ಸೆಲ್ಮೊ ಬಗ್ಗಿದ. ಅರ್ಧಚಂದ್ರ. ಅದರ ಪಕ್ಕ ಇನ್ನೊಂದು. ತೊಗಟೆಯ ಸೀಳಿನಿಂದ ಕಪ್ಪು ನೀರು ಇಳಿದು ಒಣಗಿತ್ತು. ತಲೆಯೆತ್ತಿದರೆ ಕೊಂಬೆಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಆಕಾಶ. ಪಕ್ಕದ ಮರಕ್ಕೆ ಹೋದ. ಅಲ್ಲೂ ಅದೇ. ಅದರಾಚೆಯದರಲ್ಲೂ.

“ಹೇಳು,” ಅಂದಳು ವಿನ್ನಿ.

ಅವಳ ಕಣ್ಣು ಮಂಜಲ್ಲ, ಅವಳಿಗೆ ಎಲ್ಲ ಕಂಡಿದೆ, ತನ್ನ ಬಾಯಿಂದಲೇ ಹೊರಡಲಿ ಎಂದು ಕರೆದಿದ್ದಾಳೆ ಎಂದು ಅವನಿಗೆ ಹೊಳೆಯಿತು.

“ಹುಳ,” ಅಂದ ಕೊನೆಗೆ.

“ಅವತ್ತು ಷೆಡ್ಡಲ್ಲಿ ನಾನು ಕೈ ಎತ್ತಿದ್ದೆ.”

“ನೋಡ್ದೆ.”

“ನೋಡಿದ್ಯಾ?” ಅವಳು ತಿರುಗಿದಳು. ಅಷ್ಟು ದಿನ ಅವಳು, ಅವನು ಗಮನಿಸಿರಲಿಕ್ಕಿಲ್ಲ ಎಂದುಕೊಂಡಿದ್ದಳೇನೋ. “ನೋಡಿಯೂ ನಿಲ್ಲಿಸ್ಲಿಲ್ವಾ?”

ಅನ್ಸೆಲ್ಮೊ ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸಿದ. ವಿನ್ನಿ ಅವನನ್ನು ಬೈಯಲಿಲ್ಲ, ಅಳಲೂ ಇಲ್ಲ. ಬಂಡೆಯ ಕುಳಿಯಲ್ಲಿ ಬಿದ್ದ ಒಣ ಎಲೆಗಳನ್ನು ಕೈಯಿಂದ ತೆಗೆದುಹಾಕಿ, “ನೀನಿನ್ನು ಹೋಗು,” ಅಂದಳು.

ತಕೆದಾ ಮತ್ತೆ ಬಂದದ್ದು ಆ ಚಳಿಗಾಲ. ಈ ಸಲ ಬಣ್ಣದ ಗೀಟು ಎಳೆಯಬೇಡಿ ಅನ್ನಲು ಯಾರೂ ಇರಲಿಲ್ಲ. ವಿನ್ನಿಯ ತೋಪಿನಲ್ಲಿ ಅಂಚಿನ ಕೆಲವು ಎಳೆಯ ಮರಗಳನ್ನು ಬಿಟ್ಟು ಉಳಿದವಕ್ಕೆಲ್ಲ ಗೀಟು ಬಿತ್ತು. ಅನ್ಸೆಲ್ಮೊನ ಮರ ಆಗಲೇ ಸತ್ತಿತ್ತು. ಅದನ್ನು ಮೊದಲು ಕಡಿಯತೊಡಗಿದರು. ಅವನು ತಕೆದಾಳ ಎದುರು ಹೋಗಿ ನಿಂತು, ಬೆಳಗಿನಿಂದ ಮನಸ್ಸಿನಲ್ಲೇ ಕಟ್ಟಿಕೊಂಡ ಮಾತು ಶುರುಮಾಡಿದ.

“ಅಮ್ಮಾ, ಅವತ್ತು ನಾನು ನಿಮ್ಮ ಬಗ್ಗೆ…”

“ಕಿಹಾದ ಅವ್ರೇ, ಸ್ವಲ್ಪ ಹಿಂದೆ ಸರೀರಿ, ಮರ ಈ ಕಡೆ ಬೀಳತ್ತೆ.”

ಅವಳು ಹೇಳಿದ್ದು ಅಷ್ಟೇ, ಅದರಲ್ಲಿ ಕೊಂಕೂ ಇರಲಿಲ್ಲ. ಅವನು ಸರಿದ. ಮರ ಬಿತ್ತು. ಆಮೇಲೆ ಮರ ಚೂರು ಮಾಡುವ ಯಂತ್ರದ ಸದ್ದಿನಲ್ಲಿ ಕ್ಷಮೆ ಕೇಳುವ ಮಾತು ಯಾರಿಗೂ ಕೇಳುವಂತಿರಲಿಲ್ಲ. ಇಡೀ ದಿನ ಕೊಂಬೆ ಹೊತ್ತು ಯಂತ್ರದ ಬಾಯಿಗೆ ಕೊಟ್ಟ. ಮರ ಹೊಟ್ಟಾಗಿ ಲಾರಿಗೆ ಚಿಮ್ಮುತ್ತಿತ್ತು. ಸಂಜೆ ಮುಖ ತೊಳೆದುಕೊಳ್ಳುವಾಗ ತಕೆದಾ ತಾನಾಗಿ ಅಂದಳು: “ನಿಮ್ಮದೊಂದು ಮರದಿಂದ್ಲೇ ಹಿಂಗಾಯ್ತು ಅನ್ನೋಕಾಗಲ್ಲ. ಹೇಗಿದ್ರೂ ಬರ್ತಿತ್ತೇನೋ. ತಡವಾಗಿ ಬರ್ತಿತ್ತು, ಕಮ್ಮಿ ಬರ್ತಿತ್ತು. ಗೊತ್ತಿಲ್ಲ.”

ಆ ಮಾತನ್ನು ಅವನು ಬಹಳ ದಿನ ಬಾಯಲ್ಲಿಟ್ಟು ಚಪ್ಪರಿಸಿ ನೋಡಿದ. ಹೇಗಿದ್ರೂ ಬರ್ತಿತ್ತೇನೋ. ಒಂದೆರಡು ಸಲ ಸಮಾಧಾನವಾದಂತೆಯೂ ಆಯಿತು. ಆದರೆ ಹುಳ ಹೇಗೂ ಬರುತ್ತಿತ್ತು ಅಂದುಕೊಂಡರೂ, ನೀಲಿ ಸ್ವೆಟರಿನ ಕೈ ಕಂಡೂ ತಾನು ನಿಲ್ಲಿಸದೆ ಇದ್ದದ್ದು ಹೇಗೂ ಆಗುತ್ತಿದ್ದದ್ದಲ್ಲ. ಅದು ಅವನೊಬ್ಬನದೇ ಕೆಲಸ.

ಜುಲೈ ಬಂತು. ರೋಡಿಯೊದವರು ಮೈಕು ಹಿಡಿದು ಮನೆಗೆ ಬಂದರೆ, ಗಂಟಲು ಸರಿಯಿಲ್ಲ ಅಂದ. ಯಾರದೋ ಮದುವೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ, “ಚೆನ್ನಾಗಿರಿ,” ಎಂದು ಕೂತುಬಿಟ್ಟ. ಲಾಳ ಕಟ್ಟುವಾಗ ಕುದುರೆಗಳ ಜೊತೆ ಹರಟುತ್ತಿದ್ದದ್ದೂ ನಿಂತಿತು. ಪಳಗಿದ ಕುದುರೆಗಳೂ ಕಾಲು ಕೊಡದೆ ಬೆದರತೊಡಗಿದವು.

“ಬಾಯಿ ಹೊಲಿದುಕೊಂಡ್ರೆ ವಿನ್ನಿಯ ಮರ ಚಿಗುರತ್ತಾ?” ಅಂದಳು ಬ್ರಿಹಿದಾ ಒಂದು ದಿನ, ಹುರುಳಿಕಾಯಿ ಮುರಿಯುತ್ತ. “ಇಷ್ಟು ವರ್ಷ ಬಾಯಿ ಮುಚ್ಚು ಅಂದ್ರೆ ಮುಚ್ಲಿಲ್ಲ. ಈಗ ನೋಡು, ಮನೆಯಲ್ಲಿ ರೇಡಿಯೊ ಕೆಟ್ಟ ಹಾಗಿದೆ.”

“ನೀನೂ ಚಪ್ಪಾಳೆ ತಟ್ಟಿದ್ದೆ,” ಅಂದ ಅವನು.

“ತಟ್ಟಿದ್ದೆ. ಅದಕ್ಕೇ ನಾನೂ ವಿನ್ನಿ ಮನೆಗೆ ಹೋಗೋಕೆ ನಾಚ್ಕೊಂಡು ಸುತ್ತು ಹಾಕ್ಕೊಂಡ್ ಓಡಾಡ್ತೀನಿ. ನಿನ್ನೊಬ್ಬನಿಗೇ ನಾಚಿಕೆ ಆಗೋದು ಅಂದ್ಕೊಂಡ್ಯಾ?”

ಆಮೇಲೊಂದು ದಿನ ಸುದ್ದಿಯೊಂದನ್ನು ತಂದವಳು ವಿನ್ನಿಯೇ. ಬಹಳ ದಿನಗಳ ಮೇಲೆ ಅವಳು ಅವರ ಅಡುಗೆಮನೆಗೆ ಬಂದು, ಕಾಫಿ ಬೇಡ ಅಂದು, ನಿಂತೇ ಹೇಳಿದಳು.

“ಬೆಟ್ಟದ ಮೇಲೆ ಹಾರ್ಟ್ಲಿ ಫ್ಲ್ಯಾಟ್ ಊರಲ್ಲಿ ಹುಳ ಕಾಣಿಸ್ಕೊಂಡಿದೆ. ನಮ್ಮ ಚಿಕ್ಕಮ್ಮನ ಮಗಳು ಹೇಳಿದ್ಲು. ತಕೆದಾ ಅವ್ರು ಹೋದ್ರೆ ಮರ ಕೊಡಲ್ಲ ಅಂತಿದಾರಂತೆ. ಎಲ್ರೂ ಫೋನಲ್ಲಿ ನಿನ್ನ ಭಾಷಣ ತೋರಿಸ್ತಾರಂತೆ.”

ಅನ್ಸೆಲ್ಮೊ ಆ ಕ್ಷಣವೇ ಎದ್ದು ಡ್ವೇನ್‌ನ ಅಂಗಡಿಗೆ ಹೋದ. ಡ್ವೇನ್ ಪಾಪ ಎರಡು ಮಾತಾಡದೆ ಅದನ್ನು ಅಳಿಸಿದ. “ಆದ್ರೆ ಅಣ್ಣಾ, ಅದು ನನ್ನ ಹತ್ರ ಅಳಿಸಿದ್ರೆ ಏನ್ ಬಂತು? ಊರೂರಿನ ಫೋನಲ್ಲಿದೆ. ನಿನ್ನಷ್ಟು ಚೆನ್ನಾಗಿ ಯಾರು ಹೇಳಿದಾರೆ ಹೇಳು, ಅದಕ್ಕೇ ಇಟ್ಕೊಂಡಿದಾರೆ,” ಅಂದ.

ಮರುದಿನ ಬೆಳಿಗ್ಗೆ ಅನ್ಸೆಲ್ಮೊ ಗಾಡಿ ತೆಗೆದುಕೊಂಡು ಬೆಟ್ಟ ಹತ್ತಿದ. ಹಾರ್ಟ್ಲಿ ಫ್ಲ್ಯಾಟಿನಲ್ಲಿ ಅವನಿಗೆ ಗುರುತಿನವರಿರಲಿಲ್ಲ. ರಸ್ತೆಗೆ ಹತ್ತಿರದ ಮೊದಲ ಮನೆಯ ಮುಂದೆ ನೆತ್ತಿ ಬೋಳಾದ ಓಕ್ ಕಂಡು ಅಲ್ಲೇ ಇಳಿದ. ಮನೆ ರೋಸ್ಕೊ ಹ್ಯಾಮಿಲ್ ಎಂಬ ನಿವೃತ್ತ ಬಸ್ ಚಾಲಕನದು. ಹೆಂಡತಿ ಥೆಲ್ಮಾ ಬಾಗಿಲು ತೆರೆದು, ಸಾಂತಾ ಇರೇನೆಯಿಂದ ಬಂದವರೆಂದು ಕೇಳಿ ಒಳಗೆ ಕೂರಿಸಿ, ಜೋಳದ ರೊಟ್ಟಿಯೂ ಕಾಫಿಯೂ ಕೊಟ್ಟಳು.

“ನಿಮ್ಮ ಮುಂದಿನ ಮರದ ವಿಷಯ ಮಾತಾಡೋಣ ಅಂತ ಬಂದೆ,” ಅಂದ ಅನ್ಸೆಲ್ಮೊ. “ಅದ್ರಲ್ಲಿ ಹುಳ ಇದೆ. ಮೇ ತಿಂಗಳೊಳಗೆ ಕಡಿಸ್ಬಿಟ್ರೆ…”

“ನೀವೂ ಇಲಾಖೆಯವ್ರಾ?” ಹ್ಯಾಮಿಲ್‌ನ ಮುಖ ಬಿಗಿಯಿತು.

“ಅಲ್ಲ.”

“ಹಂಗಾದ್ರೆ ಇದನ್ನ ಕೇಳಿ. ನಿಮ್ಮೂರಿನೋನೇ. ಕೇಳಿದ್ಮೇಲೆ ಮಾತಾಡಿ.” ಅವನು ಫೋನು ತೆಗೆದು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ.

ಬೇಡವೆನ್ನುವಷ್ಟರಲ್ಲಿ ಅದು ಶುರುವಾಗಿಬಿಟ್ಟಿತ್ತು. ಗೊತ್ತಿಲ್ಲದ ಮನೆಯ ಮೇಜಿನ ಮುಂದೆ ಕೂತು ಅನ್ಸೆಲ್ಮೊ ತನ್ನನ್ನೇ ನೋಡಿದ. ಆಗ ಅವನಿಗೆ ಹೆಚ್ಚು ಮೈಯಿತ್ತು, ಮೀಸೆ ಕಪ್ಪಗಿತ್ತು. ಎದೆ ಮುಂದೆ ಮಾಡಿ ನಿಂತ ಆ ಮನುಷ್ಯ ಸಣ್ಣ ಹೆಂಗಸಿನ ದನಿ ಅಣಕಿಸಿದ. ಹ್ಯಾಮಿಲ್ ಮೇಜು ತಟ್ಟಿ ನಕ್ಕ. ಚಿನ್ನದ ಚುಕ್ಕಿಯ ಮಾತು ಬಂದಾಗ, ಬರುವ ಮೊದಲೇ ತುಟಿಯಲ್ಲಿ ತಾನೂ ಹೇಳಿಕೊಂಡು ನಕ್ಕ. ಎಷ್ಟು ಸಲ ಕೇಳಿದ್ದನೋ. ಚಿತ್ರದ ಒಂದು ಮೂಲೆಯಲ್ಲಿ, ಜನರ ತಲೆಗಳ ನಡುವೆ, ಒಂದು ನೀಲಿ ತೋಳು ಮೇಲೆದ್ದಿತು. ಅವನು ನೆನೆದುಕೊಂಡಿದ್ದಕ್ಕಿಂತ ಬಹಳ ಹೊತ್ತು ಅದು ಮೇಲೇ ಇತ್ತು. ಆಮೇಲೆ ಜನ ಎದ್ದು ನಿಂತು ಅದು ಮುಚ್ಚಿಹೋಯಿತು.

“ನೋಡಿದ್ರಾ?” ಅಂದ ಹ್ಯಾಮಿಲ್ ಕಣ್ಣೊರೆಸಿಕೊಳ್ಳುತ್ತ. “ಗಂಡಸು ಅಂದ್ರೆ ಹಿಂಗಿರ್ಬೇಕು.”

“ಅದು ನಾನೇ,” ಅಂದ ಅನ್ಸೆಲ್ಮೊ.

ಹ್ಯಾಮಿಲ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ಹೋಗ್ರಿ, ತಮಾಷೆ ಮಾಡ್ಬೇಡಿ. ನಿಮ್ಮ ದನಿ ಎಲ್ಲಿ, ಅವನ ದನಿ ಎಲ್ಲಿ.”

“ನಾನೇ.”

“ಹಂಗಾದ್ರೆ ಹೇಳಿ ನೋಡೋಣ. ಆ ಕೊನೆ ಮಾತು.”

ಥೆಲ್ಮಾ ಒಲೆಯ ಕಡೆಯಿಂದ ತಿರುಗಿ ನಿಂತಳು. ಅನ್ಸೆಲ್ಮೊ ಎದ್ದ. ಕಣ್ಣು ನೆಲದ ಮೇಲಿಟ್ಟು, ಆದರೆ ರೋಡಿಯೊ ಅಂಗಳದ ತುದಿಗೆ ಮುಟ್ಟುತ್ತಿದ್ದ ಅದೇ ದನಿಯಲ್ಲಿ ಹೇಳಿದ. ಅಜ್ಜನ ಕಾಲದ ಬೆಂಕಿ. ಅಪ್ಪನ ಕಾಲದ ಬರ. ಈಗ ಸರ್ಕಾರ ಬಂದಿದೆ. ಅಡುಗೆಮನೆಯ ತಟ್ಟೆಗಳು ಸಣ್ಣಗೆ ಅದುರಿದವು. ಕೊನೆಯ ಮಾತಿನ ಹತ್ತಿರ ದನಿ ತಾನಾಗಿಯೇ ಸರಿಯಾದ ಕಡೆ ಇಳಿದು ಸರಿಯಾದ ಕಡೆ ಏರಿತು. ಅದಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಯಾರೂ ನಗಲಿಲ್ಲ.

“ಹಾಗಾದ್ರೆ ಆಗ ಸುಳ್ಳು ಹೇಳಿದ್ರೋ, ಈಗ ಸುಳ್ಳು ಹೇಳ್ತಿದೀರೋ?” ಅಂದಳು ಥೆಲ್ಮಾ.

“ಸುಳ್ಳಲ್ಲಮ್ಮ. ಆಗ ನಂಗೇನೂ ಗೊತ್ತಿರ್ಲಿಲ್ಲ. ಗೊತ್ತಿಲ್ದೇನೇ ಚೆನ್ನಾಗಿ ಮಾತಾಡ್ದೆ. ಆ ಮರ ಸತ್ತುಹೋಯ್ತು. ಅದೊಂದೇ ಸತ್ತಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ.” ಅವನು ಹ್ಯಾಟು ಎತ್ತಿಕೊಂಡ. “ನನ್ನ ಮಾತು ನಂಬೋದು ಬೇಡ. ಒಂದ್ಸಲ ಬಂದು ನೋಡಿ.”

ಬರುತ್ತೇವೆಂದು ಅವರು ಹೇಳಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ಥೆಲ್ಮಾ ಫೋನು ಮಾಡಿ, ಮಧ್ಯಾಹ್ನ ಬಂದರೆ ಆಗುತ್ತದೆಯೇ ಎಂದು ಕೇಳಿದಳು. ಅನ್ಸೆಲ್ಮೊ ಹೂಂ ಅಂದ ಮೇಲೆ, ತೋರಿಸುವುದಾದರೂ ಏನನ್ನು ಎಂದು ಹೊಳೆಯಿತು. ತನ್ನ ಅಂಗಳದಲ್ಲಿದ್ದದ್ದು ಒಂದು ಬೊಡ್ಡೆ. ನೋಡಬೇಕಾದ್ದು ಬೇಲಿಯಾಚೆ. ಅದನ್ನು ತೋರಿಸಲು ಅವನಿಗೆ ಯಾವ ಹಕ್ಕಿತ್ತು?

ವಿನ್ನಿ ಅಂಗಳದಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಅವನು ಬೇಲಿಯ ಈಚೆಯೇ ನಿಂತು ವಿಷಯ ಹೇಳಿದ. ಅವಳು ಬಟ್ಟೆಗೆ ಕ್ಲಿಪ್ಪು ಹಾಕುವುದನ್ನು ಮುಗಿಸಿದಳು.

“ಕರ್ಕೊಂಡ್ ಬಾ. ಆದ್ರೆ ಮಾತು ನಾನಾಡ್ತೀನಿ. ನೀನು ಪಕ್ಕದಲ್ಲಿ ನಿಂತ್ಕೊಂಡಿರ್ಬೇಕು. ಎಲ್ಲೂ ಹೋಗೋ ಹಾಗಿಲ್ಲ.”

“ಆಗ್ಲಿ.”

“ಒಂದ್ ಮಾತೂ ಆಡ್ಬಾರ್ದು.”

“ಆಡಲ್ಲ ಕೊಮಾದ್ರೆ.”

ಮಧ್ಯಾಹ್ನ ಹ್ಯಾಮಿಲ್ ದಂಪತಿ ಬಂದರು. ಜೊತೆಗೆ ಅವರ ನೆರೆಮನೆಯವರು ಇಬ್ಬರು. ಒಂದು ಕಾಲದಲ್ಲಿ ನಡುಹಗಲಲ್ಲೂ ತಂಪಾಗಿದ್ದ ಇಳಿಜಾರಿನಲ್ಲಿ ಬಿಸಿಲು ಬೆಂಕಿಯ ಹಾಗೆ ಬಿದ್ದಿತ್ತು. ಬೊಡ್ಡೆಗಳ ನಡುವೆ ಹಾಸುಬಂಡೆ ಬತ್ತಲೆಯಾಗಿ ಕಾಣುತ್ತಿತ್ತು. ವಿನ್ನಿ ದನಿ ಏರಿಸಲಿಲ್ಲ. ಈ ಕುಳಿ ಅಜ್ಜಿಯದು, ಇದು ಅಮ್ಮನದು, ಇದು ನನ್ನದು, ಇನ್ನೂ ಆಳವಾಗಿಲ್ಲ ಎಂದು ತೋರಿಸಿದಳು. ಯಾವ ಮರದ ಕಾಯಿ ಹೆಚ್ಚು ಕಹಿ, ಯಾವುದರದು ಕಡಿಮೆ ಎಂದು ಬೊಡ್ಡೆಗಳನ್ನೇ ಮುಟ್ಟಿ ಹೇಳಿದಳು. ಮೊನ್ನೆ ತನ್ನ ಸೋದರಮಾವ ತೀರಿಕೊಂಡಾಗ ಮೇಜಿನ ಮೇಲೆ ಶಾವಿ ಇರಲಿಲ್ಲ ಅಂದಳು. ಅಂಗಡಿಯಿಂದ ಆಲೂಗೆಡ್ಡೆ ಪಲ್ಯ ತಂದಿದ್ದರು.

ಅನ್ಸೆಲ್ಮೊ ಇದನ್ನು ಗಮನಿಸಿಯೇ ಇರಲಿಲ್ಲ. ಆ ಮಣ್ಣಿಗೆ ಅವನೂ ಹೋಗಿದ್ದ, ಆ ಆಲೂಗೆಡ್ಡೆಯನ್ನು ತಿಂದೂ ಇದ್ದ.

“ಆ ಸಭೆಗೆ ನಾನೂ ಹೋಗಿದ್ದೆ,” ಅಂದಳು ವಿನ್ನಿ. “ನಂಗಿದ್ದಿದ್ದು ಒಂದೇ ಪ್ರಶ್ನೆ. ಇವನ ಮರದಲ್ಲಿರೋ ಹುಳ ಬೇಲಿ ದಾಟತ್ತಾ ಅಂತ. ಕೇಳೋಕಾಗ್ಲಿಲ್ಲ. ಎಲ್ರೂ ಚಪ್ಪಾಳೆ ತಟ್ತಿದ್ರು.”

ನಾಲ್ವರೂ ಅನ್ಸೆಲ್ಮೊನತ್ತ ನೋಡಿದರು. ಅವನಿಗೆ ಹ್ಯಾಟು ಮುಖಕ್ಕೆ ಅಡ್ಡ ಹಿಡಿಯಬೇಕೆನಿಸಿತು. ಏನಾದರೂ ಹೇಳಿ ಆ ನೋಟಗಳನ್ನು ಬೇರೆ ಕಡೆ ತಿರುಗಿಸುವ ಒಂದು ಮಾತು ಗಂಟಲಿಗೂ ಬಂದಿತ್ತು. ಒಳ್ಳೆಯ ಮಾತೇ, ಬಹುಶಃ ಅವರಿಗೆ ಅಳುವೂ ಬರುತ್ತಿತ್ತು. ನುಂಗಿಕೊಂಡ. ಕೈ ಕೆಳಗೆ ಬಿಟ್ಟು, ಮುಖವನ್ನು ಅವರಿಗೆ ಕೊಟ್ಟು ನಿಂತ.

ಹ್ಯಾಮಿಲ್ ಹೋಗುವಾಗ ಅವನ ಕೈ ಕುಲುಕಲಿಲ್ಲ. ಮರುವಾರ ತನ್ನ ಮರ ಕಡಿಯಲು ಒಪ್ಪಿಕೊಂಡನೆಂದು ತಕೆದಾ ಹೇಳಿ ಕಳಿಸಿದಳು. ನೆರೆಯವರಿಬ್ಬರಲ್ಲಿ ಒಬ್ಬ ಒಪ್ಪಿದ, ಇನ್ನೊಬ್ಬ ಕೊನೆಗೂ ಒಪ್ಪಲಿಲ್ಲ. ಆಮೇಲೆ ಮೇಲಿನ ಊರುಗಳಿಂದ ಬೇರೆಯವರೂ ಬರತೊಡಗಿದರು. ವಿನ್ನಿ ಬೇಲಿಯ ಬಳಿ ಬಂದು, “ಜನ ಬಂದಿದಾರೆ,” ಎಂದು ಕರೆದರೆ ಅನ್ಸೆಲ್ಮೊ ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಹೋಗಿ ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದ. ಪ್ರತಿ ಸಲವೂ ಆ ಚಪ್ಪಾಳೆಯ ಮಾತಿನ ಹತ್ತಿರ ಬಂದಾಗ ಜನ ತಿರುಗಿ ನೋಡುತ್ತಿದ್ದರು, ಪ್ರತಿ ಸಲವೂ ಅವನ ಕುತ್ತಿಗೆ ಬಿಸಿಯಾಗುತ್ತಿತ್ತು. ಕಾಲ ಕಳೆದಂತೆ ಅಭ್ಯಾಸವಾದೀತು ಅಂದುಕೊಂಡಿದ್ದ. ಆಗಲಿಲ್ಲ. ಒಮ್ಮೆ ಹಾಗೆ ನಿಂತಿದ್ದಾಗ ತಕೆದಾ ಕೂಡ ಗುಂಪಿನಲ್ಲಿದ್ದಳು. ಎಲ್ಲ ಹೋದ ಮೇಲೆ ಅವನು ಅವಳ ಹತ್ತಿರ ಹೋಗಿ, ಕಟ್ಟಿಟ್ಟುಕೊಂಡ ಯಾವ ಮಾತೂ ಇಲ್ಲದೆ, “ನಿಮ್ಮನ್ನ ಅಣಕಿಸಿದ್ದು ತಪ್ಪು,” ಅಂದ.

“ಹೌದು,” ಅಂದಳು ಅವಳು. “ಅವತ್ತು ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಜೋರಾಗಿ ಮಾತಾಡೋದು ಅಭ್ಯಾಸ ಮಾಡಿದ್ದೆ, ಗೊತ್ತಾ?” ಅಂದಳು.

ಮರುವರ್ಷದ ಅಕ್ಟೋಬರಿನಲ್ಲಿ ಥೆಲ್ಮಾ ಹ್ಯಾಮಿಲ್ ವಿನ್ನಿಗೆ ಹೇಳಿಕಳಿಸಿದಳು. ತಮ್ಮ ಮನೆಯ ಹಿಂದೆ ಉಳಿದ ಕಪ್ಪು ಓಕ್‌ಗಳಿಗೆ ಮೇ ತಿಂಗಳಲ್ಲಿ ಕಾಂಡಕ್ಕೆ ಔಷಧಿ ಹೊಡೆಸಿದ್ದಾರೆ, ಕಾಯಿ ರಾಶಿಯಾಗಿ ಬಿದ್ದಿದೆ, ಬೇಕಾದರೆ ಬಂದು ಆರಿಸಿಕೊಳ್ಳಬಹುದು. ವಿನ್ನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅನ್ಸೆಲ್ಮೊ ಕರೆದುಕೊಂಡು ಹೋದ. ಬ್ರಿಹಿದಾಳೂ ಹೊರಟಳು, ಬುತ್ತಿ ಕಟ್ಟಿಕೊಂಡು.

ಮಧ್ಯಾಹ್ನದವರೆಗೆ ಮೂವರೂ ಬಗ್ಗಿ ಆರಿಸಿದರು. ಲಾಳ ಕಟ್ಟಿ ಕಟ್ಟಿ ಅನ್ಸೆಲ್ಮೊನ ಬೆನ್ನು ಬಾಗುವುದಕ್ಕೆ ಹೊಂದಿಕೊಂಡಿತ್ತು. ಅವನ ಬುಟ್ಟಿ ಮೊದಲು ತುಂಬಿತು. ವಿನ್ನಿ ಅದನ್ನು ತನ್ನ ಮುಂದೆ ಸುರಿದುಕೊಂಡು ಒಂದೊಂದೇ ಕಾಯಿ ತಿರುಗಿಸಿ ನೋಡಿದಳು. ತೂತಿದ್ದದ್ದನ್ನು, ಹಗುರಾಗಿದ್ದದ್ದನ್ನು ಬೀಸಾಡುತ್ತ ಹೋದಳು. ಅರ್ಧಕ್ಕಿಂತ ಹೆಚ್ಚು ಆಚೆ ಹೋಯಿತು.

“ಏನಪ್ಪಾ ಇದು, ಕೈಗೆ ಸಿಕ್ಕಿದ್ದೆಲ್ಲ ತುಂಬಿದೀಯ,” ಅಂದಳು. “ಕಾಯಿ ತಲೆ ಮೇಲಿನ ಟೋಪಿ ಗಟ್ಟಿಯಾಗಿ ಕಚ್ಕೊಂಡಿದ್ರೆ ಒಳಗೆ ಕೆಟ್ಟಿದೆ ಅಂತ. ಸಲೀಸಾಗಿ ಬಿಡೋದನ್ನ ಮಾತ್ರ ತಗೋ. ಇನ್ನೊಂದ್ಸಲ ಹೋಗು.”

ಅವನು ಖಾಲಿ ಬುಟ್ಟಿ ಎತ್ತಿಕೊಂಡು ಮರದಡಿಗೆ ವಾಪಸ್ಸು ಹೋದ. ಬ್ರಿಹಿದಾ ಆಚೆಯಿಂದ ನಕ್ಕಳು, ವಿನ್ನಿಯೂ ಅರೆಗಳಿಗೆ ನಕ್ಕಳು. ಅವನು ಮಂಡಿಯೂರಿ, ಈ ಸಲ ನಿಧಾನವಾಗಿ, ಪ್ರತಿ ಕಾಯಿಯ ಟೋಪಿಯನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡುತ್ತ ಆರಿಸತೊಡಗಿದ.